ಭಾರವಾದ ಡಬ್ಬಿ

ಕೊರೋನಾ ಮುಗಿದ ಮಾರನೆಯ ವರ್ಷ. ನಾನು ಮಣಿಪಾಲದ ಒಂದು ಪ್ರಯೋಗಾಲಯದಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ನಿವೃತ್ತಿಗೆ ನಾಲ್ಕು ವರ್ಷ ಬಾಕಿ ಇತ್ತು. ಐಸ್ ಪ್ಲಾಂಟುಗಳಲ್ಲಿ ನೀರು ಹೆಪ್ಪುಗಟ್ಟಿಸಲು ಬಳಸುವ ಅಮೋನಿಯಾ ಅನಿಲ ಸೋರಿದಾಗ ಕೆಲಸಗಾರರು ಹಾಕಿಕೊಳ್ಳುವ ಮಾಸ್ಕಿಗೆ ನಾವು ಹೊಸ ಫಿಲ್ಟರ್ ಡಬ್ಬಿ ತಯಾರಿಸಿದ್ದೆವು. ಅದರೊಳಗಿದ್ದದ್ದು ಮೆಟಲ್ ಆರ್ಗ್ಯಾನಿಕ್ ಫ್ರೇಮ್‌ವರ್ಕ್, ಅಂದರೆ ತಾಮ್ರ ಮತ್ತು ಸಾವಯವ ಅಣುಗಳಿಂದ ಕಟ್ಟಿದ ಕಡುನೀಲಿ ಹರಳು. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು. ಅನಿಲ ಅಲ್ಲಿ ಸಿಕ್ಕಿಬೀಳುತ್ತದೆ.

ಪರೀಕ್ಷೆಗೆಂದು ಉದ್ಯಾವರದ ಒಂದು ಐಸ್ ಪ್ಲಾಂಟಿಗೆ ಮಾಸ್ಕ್ ಕೊಟ್ಟೆವು. ಅಲ್ಲಿನ ಆಪರೇಟರ್ ಶೇಖರಣ್ಣ, ಮೀನುಗಾರರ ಮನೆಯವರು. ಮೇ ಕೊನೆಯಲ್ಲಿ ಡಬ್ಬಿಯ ಸೀಲ್ ತೆಗೆದು, ಮಾಸ್ಕ್ ಹಾಕಿಕೊಳ್ಳುವುದನ್ನು ಅವರಿಗೆ ಅಭ್ಯಾಸ ಮಾಡಿಸಿದೆ. "ಸೀಲ್ ತೆಗೆದ ಮೇಲೆ ಆರು ತಿಂಗಳು ಬಳಸಬಹುದು" ಎಂಬ ಚೀಟಿಗೆ ಸಹಿ ಮಾಡಿದವಳೂ ನಾನೇ.

ಜೂನ್, ಜುಲೈ ಮೀನುಗಾರಿಕೆಗೆ ನಿಷೇಧ. ದೋಣಿ ಇಲ್ಲದಿದ್ದರೆ ಐಸ್ ಯಾರಿಗೆ? ಪ್ಲಾಂಟ್ ಮುಚ್ಚಿತು. ಆ ಎರಡು ತಿಂಗಳ ಮಳೆಯಲ್ಲಿ ಮಾಸ್ಕ್ ಗೋಡೆಯ ಮೊಳೆಗೆ ನೇತುಬಿದ್ದಿತ್ತು.

ಪ್ಲಾಂಟ್ ತೆರೆಯುವ ಮುನ್ನಾದಿನ ಶೇಖರಣ್ಣ ಫೋನ್ ಮಾಡಿದರು. "ಮೇಡಂ, ಡಬ್ಬಿ ಭಾರ ಉಂಟು. ಮಳೆಗಾಲದಲ್ಲಿ ಒಣಮೀನು ನೀರು ಎಳೆದುಕೊಳ್ತದಲ್ವಾ, ಹಾಗೆ. ಎಂತ ಮಾಡುವುದು?"

ನನಗೆ ನಗು ಬಂತು. ಪಿಎಚ್‌ಡಿ ಮಾಡಿದವಳಿಗೆ ಒಣಮೀನಿನ ಪಾಠ. "ಆರು ತಿಂಗಳು ಅಂತ ಬರೆದಿದ್ದೇನಲ್ಲ ಶೇಖರಣ್ಣ, ಧೈರ್ಯವಾಗಿ ಹಾಕಿಕೊಳ್ಳಿ" ಎಂದೆ.

ನಾಲ್ಕನೆಯ ದಿನ ಅಮೋನಿಯಾ ಪೈಪಿನ ವಾಲ್ವ್ ಸೋರಿತು. ಉಳಿದವರೆಲ್ಲ ಹೊರಗೆ ಓಡಿದರು. ಶೇಖರಣ್ಣ ಮಾಸ್ಕ್ ಹಾಕಿಕೊಂಡು ಒಳಗೆ ಹೋಗಿ ವಾಲ್ವ್ ಮುಚ್ಚಿದರು. ಹೊರಬರುವಷ್ಟರಲ್ಲಿ ಶ್ವಾಸಕೋಶ ಸುಟ್ಟಿತ್ತು. ಹನ್ನೊಂದನೆಯ ದಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಆ ಡಬ್ಬಿಯನ್ನು ನಾನೇ ಬಿಚ್ಚಿದೆ. ಕಡುನೀಲಿ ಹರಳು ತಿಳಿನೀಲಿಗೆ ತಿರುಗಿತ್ತು. ರಂಧ್ರಗಳಲ್ಲಿ ನೀರು ತುಂಬಿ, ಅವುಗಳ ಗೋಡೆಗಳೇ ಕುಸಿದಿದ್ದವು. ನಮ್ಮ ಪರೀಕ್ಷೆಗಳೆಲ್ಲ ಎಸಿ ಕೋಣೆಯಲ್ಲಿ, ಸಿಲಿಂಡರಿನ ಒಣ ಅನಿಲದಲ್ಲಿ ನಡೆದಿದ್ದವು. ಹೊರಗೆ ಸುರಿಯುತ್ತಿದ್ದ ಮಳೆಯನ್ನು ಕಿಟಕಿಯಿಂದ ನೋಡುತ್ತಲೇ ಅವನ್ನು ಮಾಡಿದ್ದೆವು.

ಕಾಪುವಿನಲ್ಲಿದ್ದ ಅವರ ಮನೆಗೆ ಹೋದೆ. ಹೆಂಡತಿ ಕುಸುಮಕ್ಕ ಅಳಲಿಲ್ಲ, ಬೈಯಲೂ ಇಲ್ಲ.

"ಭಾರ ಉಂಟು ಅಂತ ಅವರು ನಿಮಗೆ ಹೇಳಿದ್ದರಂತೆ, ಹೌದಾ?"

"ಹೌದು, ಹೇಳಿದ್ದರು."

"ಮತ್ತೆ?"

ತನಿಖೆಯಲ್ಲಿ ಆ ಫೋನಿನ ವಿಷಯವನ್ನು ಮುಚ್ಚಿಡದೆ ಬರೆದುಕೊಟ್ಟೆ. ಆದರೂ ಇವತ್ತಿಗೂ ನಾಚಿಕೆ ಹೋಗಿಲ್ಲ.

ಆ ಹರಳನ್ನು ಕೈಬಿಟ್ಟು, ತೇವ ತಡೆಯುವ ಬೇರೊಂದನ್ನು ರೂಪಿಸಿದೆವು. ಅದನ್ನು ಎರಡು ಮಳೆಗಾಲ ಐಸ್ ಪ್ಲಾಂಟಿನ ಗೋಡೆಗೇ ತೂಗುಹಾಕಿ ಪರೀಕ್ಷಿಸಿದೆವು. ಯಾವ ವಸ್ತುವನ್ನಾದರೂ ಅದು ಬದುಕಬೇಕಾದ ಜಾಗದಲ್ಲೇ ಪರೀಕ್ಷಿಸಬೇಕು, ಅದನ್ನು ದಿನಾ ಕೈಯಲ್ಲಿ ಹಿಡಿಯುವವರ ಮಾತು ಕೇಳಬೇಕು ಎಂದು ಕಲಿತದ್ದು ಹೀಗೆ. ಈಗ ಪ್ರತಿ ಡಬ್ಬಿಯ ಮೇಲೂ ಅದರ ತೂಕ ಅಚ್ಚಾಗಿರುತ್ತದೆ. ಕೆಳಗೊಂದು ಸಾಲು: "ಭಾರವಾದರೆ ಬಳಸಬೇಡಿ." ಅದಕ್ಕೆ ಸಹಿ ನನ್ನದು, ಮಾತು ಶೇಖರಣ್ಣನದು.