ಬೋಣಿಗೆ ಬಾಯಿ ಮುಚ್ಚಿದ ಲೆಕ್ಕ

ಗೋಕಾಕದ ಪೇಟೆಯಲ್ಲಿ ಅಣ್ಣಾಸಾಹೇಬರದು ದನಕರುಗಳ ಔಷಧದ ಅಂಗಡಿ. ಅಲ್ಲಿ ಕಂಪ್ಯೂಟರ್ ಮುಂದೆ ಕೂರುವ ಸ್ವಪ್ನಿಲ್ ತನ್ನನ್ನು ತಾನು ಏನೆಂದುಕೊಂಡಿದ್ದನೋ ಆ ದೇವರಿಗೇ ಗೊತ್ತು. ಮಮದಾಪುರದ ಕುರಿಗಾರರ ಮನೆಯವನು, ಡಿಪ್ಲೊಮಾ ಮುಗಿಸಿದವನು. ಸೂತ್ರ ಕೊಟ್ಟರೆ ಓದಿ, ಬಿಡಿಸಿ, ಉತ್ತರ ಹೇಳುವ ಪ್ರೋಗ್ರಾಮ್ ಬರೆದಿದ್ದ. ಪ್ರಾಣಿಯ ತೂಕ ಒತ್ತಿದರೆ ಔಷಧ ಎಷ್ಟು ಕುಡಿಸಬೇಕೆಂದು ಅದು ಹೇಳುತ್ತಿತ್ತು. ಮೊದಮೊದಲು ಪ್ರಾಮಾಣಿಕವಾಗಿಯೇ ಇತ್ತು ಪಾಪ. ಕಂಸ ಮುಚ್ಚದಿದ್ದರೆ, ತೂಕ ಬಿಟ್ಟುಹೋದರೆ, ಸೊನ್ನೆಯಿಂದ ಭಾಗಿಸಲು ಹೋದರೆ ಕೆಂಪು ಅಕ್ಷರದಲ್ಲಿ ‘ತಪ್ಪಿದೆ, ಉತ್ತರ ಇಲ್ಲ’ ಎಂದು ನಿಂತುಬಿಡುತ್ತಿತ್ತು.

ಒಂದು ಬೆಳಿಗ್ಗೆ ಆ ಕೆಂಪು ಅಕ್ಷರ ಬೋಣಿಯ ಮೊದಲ ಗಿರಾಕಿಯ ಎದುರಿಗೇ ಬಂತು. ಊದಿನಕಡ್ಡಿ ಇನ್ನೂ ಹೊಗೆಯಾಡುತ್ತಿತ್ತು. ಅಣ್ಣಾಸಾಹೇಬರು ಕೆಂಡವಾದರು.

“ಬೋಣಿ ಹೊತ್ತಿನ್ಯಾಗ ಇಲ್ಲ ಅನ್ನೂದ? ಮಾಲು ಇಲ್ದಿದ್ರೂ ನಾವು ಇಲ್ಲ ಅನ್ನೂದಿಲ್ಲ, ‘ಸಂಜಿಕ ಬರ್ರಿ’ ಅಂತೀವಿ. ನಿನ್ನ ಡಬ್ಬಿಗೆ ಅಷ್ಟೂ ರೀತಿ ಗೊತ್ತಿಲ್ಲೇನಲೇ?”

‘ತಪ್ಪಿದ್ದರೆ ತಪ್ಪು ಅನ್ನಲೇಬೇಕು ಕಾಕಾ’ ಎನ್ನುವಷ್ಟು ಗುಂಡಿಗೆ ಈ ಮಹಾಶಯನಿಗೆ ಇರಬೇಕಲ್ಲ! ಕೋಲೆಬಸವನ ಹಾಗೆ ತಲೆಯಾಡಿಸಿದ. ಸಂಜೆಯೊಳಗೆ ಕೆಂಪು ಅಕ್ಷರವನ್ನೆಲ್ಲ ಕಿತ್ತುಹಾಕಿದ. ಕಂಸ ಮುಚ್ಚಿಲ್ಲವೇ? ತಾನೇ ಮುಚ್ಚಿಕೊಳ್ಳಲಿ. ಸೊನ್ನೆಯಿಂದ ಭಾಗಿಸಬೇಕೇ? ಸೊನ್ನೆ ಎನ್ನಲಿ. ತೂಕ ಹಾಕಿಲ್ಲವೇ? ಹಿಂದಿನ ಗಿರಾಕಿಯ ತೂಕವನ್ನೇ ಹಿಡಿದುಕೊಳ್ಳಲಿ. ಒಟ್ಟಿನಲ್ಲಿ ಏನಾದರೊಂದು ಉತ್ತರ ಬರಬೇಕು. ಆಹಾ, ಏನು ಬುದ್ಧಿ!

ಮೂಡಲಗಿ, ಹುಕ್ಕೇರಿಯ ಅಂಗಡಿಗಳೂ ಅದನ್ನು ಹಾಕಿಸಿಕೊಂಡವು. “ನಂದು ಒಮ್ಮೆರೆ ಎರರ್ ಕೊಟ್ಟೈತೇನ್ರಿ?” ಎಂದು ಸ್ವಪ್ನಿಲ್ ಚಹಾದಂಗಡಿಯಲ್ಲಿ ಎದೆಯುಬ್ಬಿಸುತ್ತಿದ್ದ. ಬಾಯಿ ಹೊಲಿದ ಮೇಲೆ ಅದು ಎಲ್ಲಿಂದ ಕೊಟ್ಟೀತು?

ಅವನ ತಾಯಿ ಶೆಟ್ಟೆವ್ವನೂ ಊರತುಂಬ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಳು. ಅವಳದೊಂದು ಟಗರಿತ್ತು. ತಬ್ಬಲಿ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು. ಇಡೀ ಹಿಂಡಿಗೆ ಬೀಜದ ಟಗರು ಅದೊಂದೇ. ಭಾನುವಾರ ಸ್ವಪ್ನಿಲ್ ಮನೆಗೆ ಬಂದಾಗ ಆ ಟಗರು ಬಾಯಲ್ಲಿ ನೊರೆ ಸುರಿಸುತ್ತ ಕಾಲು ಬಡಿಯುತ್ತಿತ್ತು.

“ಹುಳದ ಔಷಧ ಹಾಕೀನೋ,” ಎಂದಳು ಶೆಟ್ಟೆವ್ವ. “ಮೂಡಲಗಿ ಅಂಗಡ್ಯಾಗ ನಿನ್ನ ಲೆಕ್ಕಾನೇ ಹೇಳ್ತು. ಬಿದರಿನ ಗೊಟ್ಟ ಮತ್ತ ಮತ್ತ ತುಂಬಿ ಕುಡಿಸಿದೆ. ಬಾಳ ಆತು ಅನಸ್ತು. ಆದ್ರ ನನ್ನ ಮಗಂದು ತಪ್ಪತೈತೇನು ಅಂತ ಹಾಕೇಬಿಟ್ಟೆ.”

“ತೂಕ ಎಷ್ಟಂತ ಹೇಳಿದಿ ಯವ್ವಾ?”

“ತೂಕ ಯಾರು ಕೇಳಿದ್ರು? ನನ್ನ ಮುಂದ ಒಬ್ಬಾಂವ ಎಮ್ಮಿಗೆ ಅಂತ ಒಯ್ದ. ಆಮ್ಯಾಲ ನನಗ ಕೊಟ್ರು.”

ಸ್ವಪ್ನಿಲ್‌ಗೆ ಲೆಕ್ಕ ತಿಳಿಯಿತು. ಎಮ್ಮೆಗೆ ಹಾಕುವ ಔಷಧ ಅಷ್ಟೂ ಟಗರಿನ ಹೊಟ್ಟೆ ಸೇರಿತ್ತು. ಡಾಕ್ಟರಿಗೆ ಫೋನ್ ಹಚ್ಚಿದ. ಅವರು ಬರುವಷ್ಟರಲ್ಲಿ ಟಗರು ಕಾಲು ಬಡಿಯುವುದನ್ನು ನಿಲ್ಲಿಸಿತ್ತು.

ಆಮೇಲೆ ಎಲ್ಲವನ್ನೂ ಬಾಯಿಬಿಟ್ಟ. ಬೋಣಿಯ ಹೊತ್ತು, ಕಾಕಾನ ಸಿಟ್ಟು, ಗಿರಾಕಿಗಳು ಬೇಜಾರಾಗುತ್ತಾರೆ, ಹಾಗೆ, ಹೀಗೆ. ಶೆಟ್ಟೆವ್ವ ಟಗರಿನ ಕೋಡು ಹಿಡಿದು ಕೂತು ಕೇಳಿದಳು. ಕಣ್ಣೊರೆಸಿಕೊಂಡು, ತನ್ನ ಕಂಬಳಿಯನ್ನೇ ಅದರ ಮೇಲೆ ಹೊದಿಸಿದಳು.

“ನೋಡಲ್ಲೆ,” ಎಂದು ದೊಡ್ಡಿಯ ಬಾಗಿಲಲ್ಲಿ ಮಲಗಿದ್ದ ನಾಯಿಯನ್ನು ತೋರಿಸಿದಳು. “ಅದು ಸಾಲಿ ಕಲತಿಲ್ಲ. ಗುರ್ತಿಲ್ಲದ್ದು ಬಂದ್ರ ಬೊಗಳತೈತಿ. ಬೋಣಿ ಹೊತ್ತು ಅಂತ ಸುಮ್ಮನ ಕುಂಡ್ರಂಗಿಲ್ಲ.”