ಬೆಳ್ಳುಳ್ಳಿ ಹಲ್ಲಿನ ಕುಂಬಳಕಾಯಿ

ಆಸ್ಟ್ರೇಲಿಯಾದ ಡ್ಯಾಂಡಿನಾಂಗಿನಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಮಗಳ ಸ್ನೇಹಿತೆಯರು ಅಲ್ಲಿಯವರೆಗೆ ಒಬ್ಬರೂ ಬಂದಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಎಂಟು ವರ್ಷದ ಅವಳು ಟಿವಿಯಲ್ಲಿ ಅಮೆರಿಕದವರ ದೆವ್ವದ ಹಬ್ಬ ಹ್ಯಾಲೋವೀನ್ ನೋಡಿ, ನನ್ನನ್ನು ಒಂದು ಮಾತೂ ಕೇಳದೆ, ಕ್ಲಾಸಿನ ನಾಲ್ಕು ಹುಡುಗಿಯರನ್ನು ಶನಿವಾರ ಸಂಜೆ ಐದಕ್ಕೆ ನಮ್ಮ 'ದೆವ್ವದ ಮನೆ'ಗೆ ಕರೆದುಬಿಟ್ಟಿದ್ದಳು. ಅಲಂಕಾರದ ಸಾಮಾನು ಆಗ ನಮ್ಮ ಕಡೆಯ ಅಂಗಡಿಗಳಲ್ಲಿ ಸಿಗುತ್ತಿರಲಿಲ್ಲ. ಸಿಕ್ಕಿದ್ದರೂ ನಾನು ಕೊಳ್ಳುತ್ತಿರಲಿಲ್ಲ. ಮನೆಯಲ್ಲಿದ್ದುದರಲ್ಲೇ ದೆವ್ವ ಹುಟ್ಟಿಸುತ್ತೇನೆಂದು ಟೊಂಕ ಕಟ್ಟಿ ನಿಂತೆ.

ಗಂಡನ ಹಳೆಯ ಪಂಚೆ ಅಂಗಳದ ತಂತಿಯ ಮೇಲೆ ದೆವ್ವವಾಯಿತು. ಅದರ ಜರಿ ಅಂಚು ಬಿಸಿಲಿಗೆ ಮಿಂಚಿ, ಯಾರದೋ ಮದುವೆ ಊಟಕ್ಕೆ ಹೊರಟ ದೆವ್ವದ ಹಾಗೆ ಕಾಣುತ್ತಿತ್ತು. ಕಪ್ಪು ಕಸದ ಚೀಲಗಳನ್ನು ಕತ್ತರಿಸಿ ಬಾವಲಿ ಮಾಡಿದೆವು. ಕತ್ತರಿಸುತ್ತಲೇ ಮಗಳು, ತಲೆ ಎತ್ತದೆ, ಇಂಗ್ಲಿಷಿನಲ್ಲಿ ಹೇಳಿದಳು: ಅವರು ಬಂದಾಗ ಅಜ್ಜಿ ರೂಮಿನಲ್ಲೇ ಇರಲಿ.

ಅಜ್ಜಿ ಎಂದರೆ ನನ್ನ ಅತ್ತೆ, ಮೈಸೂರಿನಿಂದ ಆರು ತಿಂಗಳಿಗೆಂದು ಬಂದವರು. ಸೀರೆಯ ಮೇಲೆ ಮಗನ ಸ್ವೆಟರ್, ಕಾಲಿಗೆ ಮಗನ ಕಾಲುಚೀಲ ಹಾಕಿಕೊಂಡು ಮನೆ ತುಂಬ ಓಡಾಡುತ್ತಿದ್ದರು. ಮಗಳ ಮಾತಿಗೆ ನನಗೆ ಬೇಸರವಾಯಿತು. ಆದರೂ, ಮೊದಲ ಸಲ ಬರುವ ಮಕ್ಕಳು ನಕ್ಕುಬಿಟ್ಟರೆ ಎಂಬ ಅಳುಕಿನಲ್ಲಿ "ಹೂಂ, ಆಯ್ತು" ಎಂದುಬಿಟ್ಟೆ.

ಉಳಿದದ್ದು, ಹ್ಯಾಲೋವೀನಿಗೆ ದೆವ್ವದ ಮುಖ ಕೊರೆದು ಬಾಗಿಲಲ್ಲಿಡುವ ಕುಂಬಳಕಾಯಿ. ಮಾರ್ಕೆಟ್ಟಿನಿಂದ ತಂದಿದ್ದ, ಬೂದು ಸಿಪ್ಪೆಯ, ಕಲ್ಲಿನಷ್ಟು ಗಟ್ಟಿ ಕಾಯಿ. ನಾನು ಚಾಕು ಎತ್ತಿದ್ದೇ ತಡ, ಅತ್ತೆ ಅಡುಗೆಮನೆ ಬಾಗಿಲಲ್ಲಿ ಪ್ರತ್ಯಕ್ಷ.

"ಇಡೇ ಕೆಳಗೆ. ಇಡೀ ಕುಂಬಳಕಾಯಿನ ಹೆಂಗಸ್ರು ಒಡೀತಾರಾ? ಮೊದಲನೇ ಏಟು ಗಂಡಸರೇ ಹಾಕ್ಬೇಕು. ನನ್ನ ಮಗ ಬರ್ಲಿ."

"ಅವ್ರು ಓವರ್‌ಟೈಮ್ ಮುಗಿಸಿ ಬರೋದು ಏಳಕ್ಕೆ, ಅತ್ತೆ. ಪಕ್ಕದ ಮನೆ ಅಂಕಲ್‌ನ ಕರೀಲಾ?" ಎಂದೆ, ಕೆಣಕಲೆಂದೇ.

ಪಕ್ಕದ ಮನೆಯ ಮುದುಕ ಬರೀ ಚಡ್ಡಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಅತ್ತೆ ಕಿಟಕಿಯಿಂದ ಅವನನ್ನು ಮೇಲಿಂದ ಕೆಳಗೆ ನೋಡಿದರು.

"ಏನೂ ಬೇಡ. ಕತ್ತರಿಸದೇನೇ ಹೆದರಿಸೋಕೆ ಬರುತ್ತೆ ನಂಗೆ."

ಕಾಯಿಯ ಮೇಲೆ ಅವರು ಬರೆದದ್ದು, ನಮ್ಮಲ್ಲಿ ಮನೆ ಕಟ್ಟುವಾಗ ಕಣ್ಣು ತಾಗದಿರಲೆಂದು ತೂಗುಹಾಕುವ ದೃಷ್ಟಿಬೊಂಬೆಯ ಮುಖ. ಅಕ್ಕಿಹಿಟ್ಟಿನ ಬಿಳಿ ಕಣ್ಣುಗುಡ್ಡೆ, ಕಾಡಿಗೆಯ ಹುರಿಮೀಸೆ, ನನ್ನ ಕೆಂಪು ರವಿಕೆ ಬಟ್ಟೆಯ ನಾಲಿಗೆ, ಮೈದಾ ಅಂಟಿನಲ್ಲಿ ಕೂರಿಸಿದ ಬೆಳ್ಳುಳ್ಳಿ ಎಸಳಿನ ಹಲ್ಲು. ಮುಂಬಾಗಿಲ ಪಕ್ಕ ಸ್ಟೂಲಿನ ಮೇಲೆ ಅದನ್ನು ಕೂರಿಸಿ, ಕೈ ತೊಳೆದುಕೊಂಡು, ನಾನು ಬಾಯಿ ಬಿಡುವ ಮೊದಲೇ ತಾವಾಗಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಬಚಾವಾದೆ ಎಂದುಕೊಂಡೆ.

ಐದಕ್ಕೆ ಸರಿಯಾಗಿ ಬಂದ ಮಕ್ಕಳು ಪಂಚೆ ದೆವ್ವಕ್ಕೆ ಹಲೋ ಹೇಳಿ ಮುಂದೆ ಬಂದರು. ಕುಂಬಳಕಾಯಿಯನ್ನು ಕಂಡು ಮಾತ್ರ ನಾಲ್ವರೂ ನಿಂತಲ್ಲೇ ನಿಂತರು. ಒಬ್ಬಳು ಇನ್ನೊಬ್ಬಳ ಹಿಂದೆ ಸರಿದು, ಇದನ್ನು ಮಾಡಿದ್ದು ಯಾರು ಎಂದು ಕೇಳಿದಳು. ಮಗಳು ನನ್ನತ್ತ ತಿರುಗಿದಳು. ನಾನು ಬೇಕೆಂದೇ ಬಾವಲಿಗಳನ್ನು ಸರಿಮಾಡುತ್ತ ನಿಂತೆ.

"ಮೈ ಅಜ್ಜಿ," ಎಂದವಳೇ ಓಡಿಹೋಗಿ ರೂಮಿನ ಬಾಗಿಲು ತೆಗೆದಳು.

ಅತ್ತೆ ಬಾಗಿಲ ಹಿಂದೆಯೇ ಇದ್ದರು. ಸ್ವೆಟರ್ ಇಲ್ಲ, ಕಾಲುಚೀಲ ಇಲ್ಲ. ರೇಷ್ಮೆ ಸೀರೆ ಉಟ್ಟು, ಕಾಸಗಲ ಕುಂಕುಮ ಇಟ್ಟು ಸಿದ್ಧರಾಗಿದ್ದರು. ಮಕ್ಕಳ ಎದುರು ಬಂದು, ಕಣ್ಣು ಅಗಲಿಸಿ, ಥೇಟ್ ಕುಂಬಳಕಾಯಿಯಂತೆ ನಾಲಿಗೆ ಚಾಚಿದರು. ಮಕ್ಕಳ ಕಿರುಚಾಟಕ್ಕೆ ಪಕ್ಕದ ಮನೆಯ ಮುದುಕ ಬೇಲಿಯ ಮೇಲಿಂದ ಇಣುಕಿದ. ಇನ್ನೊಮ್ಮೆ, ಇನ್ನೊಮ್ಮೆ ಎಂದು ಮಕ್ಕಳು ಕುಣಿದರು. ಮಗಳು ಅಜ್ಜಿಯ ಸೆರಗು ಬಿಡಲಿಲ್ಲ.

ಆಮೇಲೆ ಚಕ್ಕುಲಿ ತೆಗೆದುಕೊಂಡು ಹೋಗಲು ಅಡುಗೆಮನೆಗೆ ಬಂದ ಅತ್ತೆ ನನ್ನ ಪಕ್ಕ ನಿಂತರು.

"ಮಗು ಅಂದಿದ್ದಕ್ಕೆ ಬೇಜಾರಿಲ್ಲ ಕಣೇ. ಅವಳ ಇಂಗ್ಲಿಷು ನಂಗೆ ಅರ್ಧಂಬರ್ಧ ಅರ್ಥ ಆಗೋದು. ಆದ್ರೆ ನೀನು 'ಆಯ್ತು' ಅಂದಿದ್ದು ಕನ್ನಡದಲ್ಲಿತ್ತು."

ಅಷ್ಟು ಹೇಳಿ, ತಟ್ಟೆ ಎತ್ತಿಕೊಂಡು ಮಕ್ಕಳ ಹತ್ತಿರ ಹೋದರು.