ಹೊಟ್ಟೆಯಲ್ಲಿ ಇಂಜನ್ ಇದ್ದ ದೋಣಿ

ಚಳ್ಳಕೆರೆಯ ಬರದ ಸೀಮೆಯವನಾದ ನಾನು ಮೋಟರ್ ದೋಣಿ ರಿಪೇರಿ ಮಾಡಿದ್ದೇನೆ ಎಂದರೆ ಜನ ಒಮ್ಮೆ ನಗುತ್ತಾರೆ, ನನ್ನ ಮುಖ ನೋಡಿ ಇನ್ನೊಮ್ಮೆ ನಗುತ್ತಾರೆ. ಎರಡನೆಯ ನಗು ನನಗೆ ರೂಢಿ. ಎಣ್ಣೆ ಮಿಲ್ಲಿನ ಸಾಹುಕಾರರ ಕೆಮ್ಮು, ಬಸ್ ಕಂಡಕ್ಟರನ ಸಿಡುಕು, ಬೆಳಿಗ್ಗೆ ಸ್ಟಾರ್ಟ್ ಆಗದ ಡೀಸೆಲ್ ಇಂಜನ್, ಯಾವುದನ್ನೂ ನಾನು ಅಣಕಿಸದೆ ಬಿಟ್ಟವನಲ್ಲ. ಬೇರೆ ಯಾರೂ ಸಿಗದಿದ್ದರೆ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ.

ತೊಂಬತ್ತರ ದಶಕದ ಕೊನೆಯಲ್ಲಿ ಒಂದು ವರ್ಷ ಮೊಳಕಾಲ್ಮೂರು ಕಡೆಗಿದ್ದ, ನಮ್ಮೂರ ಪಕ್ಕದ ಡ್ಯಾಮು ತುಂಬಿತು. ಆಂಧ್ರದ ಒಬ್ಬ ಕಂಟ್ರಾಕ್ಟರು ಮೀನಿನ ಗುತ್ತಿಗೆ ಹಿಡಿದು, ಕರಾವಳಿಯಿಂದ ಹಳೆಯ ದೋಣಿಯೊಂದನ್ನು ಲಾರಿಯ ಮೇಲೆ ತರಿಸಿದ. ಅದರ ಇಂಜನ್ ಹಿಂದೆ ನೇತಾಡುತ್ತಿರಲಿಲ್ಲ, ಹೊಟ್ಟೆಯೊಳಗೇ ಕೂತಿತ್ತು. ಲಾರಿ ಓಡಿಸಿಕೊಂಡು ಬಂದವನು ನನ್ನ ಅಕ್ಕನ ಗಂಡ. ಲಾರಿ ಎಣ್ಣೆ ಮಿಲ್ಲಿನದು, ಮಿಲ್ಲಿನವರು ಅದನ್ನು ಮಾರುವವರಿದ್ದರು. ಕೆಲಸ ಹೋಗುತ್ತದೆಂದು ತಿಳಿದಿದ್ದ ಭಾವ, ದೋಣಿಯನ್ನೂ ನಾನೇ ಓಡಿಸುತ್ತೇನೆ ಎಂದು ಕೈಕಟ್ಟಿ ನಿಂತ. ಇಂಜನ್ ನೋಡಿಕೊಳ್ಳಲು ಡೀಸೆಲ್ ಗ್ಯಾರೇಜಿನಲ್ಲಿದ್ದ ನನ್ನನ್ನು ಎಳೆದುಕೊಂಡು ಹೋದ.

ಆ ಇಂಜನ್ನಿಗೆ ರೇಡಿಯೇಟರ್ ಇರಲಿಲ್ಲ. ದೋಣಿಯ ತಳದಲ್ಲಿ ಒಂದು ನಲ್ಲಿ. ಅದನ್ನು ತೆರೆದರೆ ಕೆರೆಯ ನೀರು ಪಂಪಿಗೆ ಬಂದು, ಇಂಜನ್ ಸುತ್ತಿ ಅದನ್ನು ತಣ್ಣಗೆ ಮಾಡಿ, ಪಕ್ಕದ ತೂತಿನಿಂದ ಹೊರಗೆ ಸುರಿಯುತ್ತಿತ್ತು. ನಾನೂ ಭಾವನೂ ಇಬ್ಬರೇ ಹೋದಾಗ ಇಂಜನ್ ಹಸುವಿನ ಹಾಗೆ ಇರುತ್ತಿತ್ತು. ಜನ ಹತ್ತಿದರೆ ಸಾಕು, ನಡುನೀರಿನಲ್ಲಿ ಕಾದು, ಹಬೆ ಬಿಟ್ಟು, ಗೊರಗೊರ ಎನ್ನುತ್ತಿತ್ತು.

ಜನ ಎಂದರೆ ಹೆಚ್ಚಾಗಿ ನಮ್ಮ ಅವ್ವನೇ. ಅವಳ ಮೇಕೆಗಳು ಆಚೆ ದಡದಲ್ಲಿ ಮೇಯುತ್ತಿದ್ದವು. ಸುತ್ತು ಹಾಕಿ ನಡೆಯುವುದು ತಪ್ಪಿತೆಂದು ದಿನಾ ದೋಣಿ ಹತ್ತಿ, ಮರಿಯೊಂದನ್ನು ಕಂಕುಳಲ್ಲಿಟ್ಟುಕೊಂಡು ಇಂಜನ್ ಪಕ್ಕದಲ್ಲೇ ಕೂರುತ್ತಿದ್ದಳು.

ಲೋಡು ಜಾಸ್ತಿ ಎಂದು ನಾನು ತೀರ್ಪು ಕೊಟ್ಟೆ. ಜಾಲರಿಯಲ್ಲಿ ಸಿಕ್ಕ ಜೊಂಡು ಬಿಡಿಸಿದೆ. ಬೆಲ್ಟು ಬಿಗಿ ಮಾಡಿದೆ. ಪಂಪ್ ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಚಕ್ರದ ರೆಕ್ಕೆಗಳು ಸುಟ್ಟು ಉದುರಿದ್ದವು. ಹೊಸದು ಹಾಕಿದೆ, ಅದೂ ಸುಟ್ಟಿತು. ಪಂಪ್ ಬಿಚ್ಚುವ ಮೊದಲು ತಳದ ನಲ್ಲಿ ಮುಚ್ಚಬೇಕು, ಇಲ್ಲವಾದರೆ ಕೆರೆಯೇ ಒಳಗೆ ಬರುತ್ತದೆ. ನಾನು ಕೈಹಾಕುವ ಹೊತ್ತಿಗೆ ಪ್ರತಿಸಲವೂ ಅದು ಮುಚ್ಚಿಯೇ ಇರುತ್ತಿತ್ತು. ಭಾವ ಎಷ್ಟು ಚುರುಕಾಗಿ ಕಲಿತುಬಿಟ್ಟ ಎಂದು ಒಳಗೊಳಗೇ ಮೆಚ್ಚಿಕೊಂಡೆ. ಹೊರಗೆ ಮಾತ್ರ ದಡದ ಮೇಲೆ ನಿಂತು, ಅವನು ದೋಣಿಯಲ್ಲಿ ಗೇರ್ ಹುಡುಕುವುದನ್ನು, ಎದುರು ಬಂದ ಕೊಕ್ಕರೆಗೆ ಹಾರನ್ ಹೊಡೆಯಲು ಕೈ ಎತ್ತುವುದನ್ನು ಮಾಡಿ ತೋರಿಸುತ್ತಿದ್ದೆ. ಮೀನು ಹಿಡಿಯಲು ಬಂದ ಬಲೆಯವರು ಬಿದ್ದು ಬಿದ್ದು ನಗುತ್ತಿದ್ದರು.

"ಲೇ, ನಗ್ಸಿದ್ದು ಸಾಕು. ಇಂಜನ್ ನೋಡು," ಎಂದ ಭಾವ ಒಂದು ಸಂಜೆ. "ಭಾನುವಾರ ಕಂಟ್ರಾಕ್ಟರೇ ಬಂದು ದೋಣೀಲಿ ಕೂರ್ತಾನಂತೆ. ಇಂಜನ್ ಬಿಸಿಯಾದ್ರೆ ಕರಾವಳಿ ಡ್ರೈವರ್ನ ಕರೆಸ್ತಾನೆ. ಆಮೇಲೆ ನಿಮ್ಮಕ್ಕನಿಗೆ ಏನ್ ಹೇಳ್ಲಿ?"

ಭಾನುವಾರ ಕಂಟ್ರಾಕ್ಟರು ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತ. ಬಲೆಯವರು ಹತ್ತಿದರು. ಅವ್ವನೂ ಹತ್ತಿದಳು. ಬೇಡ ಎನ್ನಲು ನನಗೆ ಕಾರಣವಿರಲಿಲ್ಲ. ಅಂದು ಇಂಜನ್ ಬಿಸಿಯಾಗದಂತೆ ಅದರ ಮುಚ್ಚಳ ತೆಗೆದಿಟ್ಟು, ಎದುರಿಗೇ ಕೂತಿದ್ದೆ.

ನಡುನೀರಿಗೆ ಬಂದಾಗ ಅವ್ವ ಪಕ್ಕದ ತೂತಿನಿಂದ ಸುರಿಯುವ ನೀರನ್ನು ನೋಡಿದಳು. ನಾಲಿಗೆಯಿಂದ ಲೊಚ್ ಎಂದಳು. ಮರಿಯನ್ನು ಎಡಗಂಕುಳಿಗೆ ಸರಿಸಿ, ಬಗ್ಗಿ, ಬಲಗೈಯಿಂದ ತಳದ ನಲ್ಲಿ ತಿರುಗಿಸಿದಳು. ಕೈಯನ್ನು ಸೆರಗಿಗೆ ಒರೆಸಿದಳು. ನೀರು ನಿಂತಿತೋ ಎಂದು ಇನ್ನೊಮ್ಮೆ ಹೊರಗೆ ಇಣುಕಿ, ನಿಂತಿತೆಂದು ತಲೆಯಾಡಿಸಿದಳು.

ನಮ್ಮ ಬೀದಿಯಲ್ಲಿ ಯಾವ ಹೆಂಗಸಾದರೂ ಅದನ್ನೇ ಮಾಡುತ್ತಿದ್ದಳು. ಬೀದಿ ನಲ್ಲಿ ತೊಟ್ಟಿಕ್ಕುವುದನ್ನು ನೋಡಿಯೂ ದಾಟಿಹೋದರೆ ಚಿಕ್ಕಂದಿನಲ್ಲಿ ನಮಗೆ ಬೆನ್ನಿನ ಮೇಲೆ ಏಟು ಬೀಳುತ್ತಿತ್ತು. ಜ್ವರದಲ್ಲಿ ಮಲಗಿದ್ದಾಗಲೂ ಎದ್ದು ಹೋಗಿ ನಲ್ಲಿ ಮುಚ್ಚಿ ಬಂದವಳು ನಮ್ಮವ್ವ.

ನಾನು ಬಾಯಿ ತೆರೆದುಕೊಂಡು ಕೂತೇ ಇದ್ದೆ. ಅಷ್ಟರಲ್ಲಿ ಹಬೆ ಎದ್ದಿತು. ಭಾವ ಇಂಜನ್ ನಿಲ್ಲಿಸಿದ.

"ಏಮೈಂದಯ್ಯಾ, ಏನಾಯ್ತು?" ಎಂದ ಕಂಟ್ರಾಕ್ಟರು, ಭಾವನ ಕಡೆ ತಿರುಗಿ. "ಲಾರಿಯವನಿಗೆ ದೋಣಿ ಕೊಟ್ಟಿದ್ದು ನನ್ನ ತಪ್ಪು."

"ಅವಂದೇನಿಲ್ಲ ಕಣ್ರಿ," ಎಂದಳು ಅವ್ವ. "ನೀರು ಸುಮ್ನೆ ಹೋಗ್ತಿತ್ತು. ನಾನೇ ಮುಚ್ದೆ. ದಿನಾ ನಾನೇ ಮುಚ್ತೀನಿ. ಇವರಿಗೆಲ್ಲಿ ಗ್ಯಾನ ಐತೆ?"

ಕಂಟ್ರಾಕ್ಟರನ ಮುಖ ಕಪ್ಪಿಟ್ಟಿತು. "ಅಂದ್ರೆ ಮನೆಮಂದಿಯೆಲ್ಲ ಸೇರಿ ನನ್ನ ಇಂಜನ್ ಸುಟ್ಟಿದೀರಿ."

ಭಾವ ಬರಿಗೈಯನ್ನೇ ನೋಡಿಕೊಳ್ಳುತ್ತಿದ್ದ. ಆಗ ನಾನು ಎದ್ದೆ. ಟವೆಲನ್ನು ತಲೆಯ ಮೇಲೆ ಸೆರಗಿನಂತೆ ಹೊದ್ದು, ಟೂಲ್ ಬ್ಯಾಗನ್ನು ಮರಿಯಂತೆ ಕಂಕುಳಲ್ಲಿಟ್ಟುಕೊಂಡೆ. ಲೊಚ್ ಎಂದೆ. ಬಗ್ಗಿದೆ, ತಿರುಗಿಸಿದೆ, ಒರೆಸಿಕೊಂಡೆ, ಇಣುಕಿದೆ, ತಲೆಯಾಡಿಸಿದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಅಯ್ಯೋ, ಕೆರೆ ಖಾಲಿಯಾದೀತು ಕಣ್ರಪ್ಪೋ," ಎಂದು ಅವಳ ದನಿಯಲ್ಲೇ, ಅವಳು ಆಡದ ಮಾತನ್ನೂ ಸೇರಿಸಿದೆ.

ಬಲೆಯವರು ಮೊದಲು ನಕ್ಕರು. ಆಮೇಲೆ ಕಂಟ್ರಾಕ್ಟರು ಕುರ್ಚಿ ಮುರಿಯುವ ಹಾಗೆ ನಕ್ಕ. ಕಣ್ಣೊರೆಸಿಕೊಂಡು, "ಇನ್ನೊಂದ್ಸಲ ಮಾಡಯ್ಯಾ" ಎಂದ. ಮಾಡಿದೆ. ಅವ್ವನೂ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಮರಿ ಅವಳ ಕಂಕುಳಿಂದ ಜಾರಿ ಇಳಿದಿತ್ತು, ಅವಳು ಎತ್ತಿಕೊಳ್ಳಲಿಲ್ಲ.

ಅಲ್ಲೇ ಪಂಪಿಗೆ ಹೊಸ ಚಕ್ರ ಹಾಕಿ, ನಲ್ಲಿ ತೆರೆದೆ. ದೋಣಿ ಆಚೆ ದಡಕ್ಕೆ ಹೋಗಿ, ಇಂಜನ್ ಬಿಸಿಯಾಗದೆ ವಾಪಸು ಬಂತು. ಭಾವನಿಗೆ ಕೆಲಸ ಸಿಕ್ಕಿತು. ಅವ್ವ ಮಾತ್ರ ಆಚೆ ದಡದಲ್ಲೇ ಇಳಿದುಕೊಂಡು, ಸಂಜೆ ಮೇಕೆಗಳ ಹಿಂದೆ ಸುತ್ತು ಹಾಕಿ ನಡೆದು ಬಂದಳು. ಮರುದಿನವೂ ನಡೆದೇ ಹೋದಳು.

"ಯಾಕವ್ವ, ದೋಣಿ ಐತಲ್ಲ," ಎಂದರೆ, "ಕಾಲಿಗೆ ಒಳ್ಳೇದು ಬಿಡಪ್ಪ," ಎಂದಳು.

ಅಷ್ಟಾದರೂ ನಾನು ಬಿಡಲಿಲ್ಲ. ಕಂಟ್ರಾಕ್ಟರು ಬಂದಾಗಲೆಲ್ಲ ಕೇಳುತ್ತಿದ್ದ, ನಾನು ಮಾಡುತ್ತಿದ್ದೆ. ಅವನು ಬೇಸರಪಟ್ಟರೆ ಭಾವನ ಕೆಲಸಕ್ಕೆ ಕುತ್ತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ನಿಜವೆಂದರೆ ಅದು ನನ್ನ ಅತ್ಯುತ್ತಮ ಅಣಕವಾಗಿತ್ತು. ದಿನದಿಂದ ದಿನಕ್ಕೆ ಪಳಗುತ್ತಿತ್ತು. ಕೊನೆಗೆ ಸಂತೆಯಲ್ಲಿ ಅವ್ವ ಎದುರಾದರೆ ಹುಡುಗರು, "ನಲ್ಲಿ ಮುಚ್ಚಿ ಬಂದ್ಯಾ ಅಜ್ಜಿ?" ಎನ್ನತೊಡಗಿದರು.

ಒಂದು ದಿನ ಅವ್ವನೂ ನಾನೂ ಬೀದಿಯಲ್ಲಿ ಬರುತ್ತಿದ್ದೆವು. ಬೀದಿ ನಲ್ಲಿ ಸಣ್ಣಗೆ ಸುರಿಯುತ್ತಿತ್ತು. ಅವ್ವನ ಕೈ ಮುಂದೆ ಹೋಯಿತು, ಅರ್ಧಕ್ಕೆ ನಿಂತಿತು. ಆಚೆಈಚೆ ನೋಡಿದಳು. ಆಮೇಲೆ ಕೈಯನ್ನು ಸೆರಗಿನೊಳಗೆ ಎಳೆದುಕೊಂಡು ಮುಂದೆ ನಡೆದಳು.

ನಾನೇ ಬಗ್ಗಿ ತಿರುಗಿಸಿದೆ. ಒದ್ದೆ ಕೈಯನ್ನು ಅಂಗಿಗೆ ಒರೆಸಿ, ನೀರು ನಿಂತಿತೋ ಎಂದು ಇಣುಕಿ, ತಲೆಯಾಡಿಸಿದೆ. ನೋಡುವವರು ಯಾರೂ ಇರಲಿಲ್ಲ. ಅವ್ವ ತಿರುಗಿ ನೋಡುವ ಮೊದಲೇ ನೆಟ್ಟಗೆ ನಿಂತುಬಿಟ್ಟೆ.